ನಲ್ಲಿಯ ನೀರೂ ಸಭೆಯ ಪ್ರಶ್ನೆಯೂ

“ಯಾರನ್ನು ಕೇಳುವುದು?” ಎಂಬ ಮಾತು ನಮ್ಮ ಸಂಸಾರಗಳಲ್ಲಿ ದಿನಕ್ಕೆ ಎಷ್ಟು ಸಲ ಹುಟ್ಟುತ್ತದೆಯೋ ಲೆಕ್ಕವಿಟ್ಟವರಿಲ್ಲ. ಬೆಳಗಿನ ಜಾವಕ್ಕೆ ಬರಬೇಕಾದ ನೀರು ನಲ್ಲಿಯಲ್ಲಿ ಬರಲಿಲ್ಲ. ಮೂರು ದಿನದಿಂದ ಕಸದ ಗಾಡಿಯ ಸುಳಿವಿಲ್ಲ. ಕೊಳವೆ ಹಾಕಲೆಂದು ಅಗೆದ ಬೀದಿಯನ್ನು ಮುಚ್ಚಿದವರಿಲ್ಲ. ಮನೆಯಾಕೆ ಯಜಮಾನರನ್ನು ಕೇಳುತ್ತಾಳೆ. ಯಜಮಾನರು ನೆರೆಯವರನ್ನು ಕೇಳುತ್ತಾರೆ. ನೆರೆಯವರು ನೀರು ಬಿಡುವವನನ್ನು ಕೇಳುತ್ತಾರೆ. ಅವನು “ಮೇಲಿನಿಂದಲೇ ಬಂದಿಲ್ಲ ಸ್ವಾಮಿ” ಎಂದು ಹೇಳಿ ಬೈಸಿಕಲ್ಲನ್ನು ಏರುತ್ತಾನೆ. ಆ “ಮೇಲು” ಎಂಬುದು ಎಲ್ಲಿದೆ, ಅಲ್ಲಿ ಕುಳಿತಿರುವವರು ಯಾರು, ಅವರನ್ನು ಮಾತನಾಡಿಸುವ ಬಗೆ ಹೇಗೆ ಎಂಬುದೇ ನಮ್ಮ ಈ ಲೇಖನದ ವಿಷಯ.

ಮನೆಯ ಜಗಲಿಯಲ್ಲಿ ಹುಟ್ಟಿದ ಇದೇ ಪ್ರಶ್ನೆಯು ಕ್ರಮವರಿತು ಕಾಗದದ ಮೇಲೆ ಬಂದು, ಶಾಸಕರೊಬ್ಬರ ಸಹಿಯನ್ನು ಪಡೆದು ವಿಧಾನಸೌಧವನ್ನು ಮುಟ್ಟಿತೆಂದರೆ, ಸರಕಾರ ಅದಕ್ಕೆ ಉತ್ತರ ಕೊಡಲೇಬೇಕು. ಪ್ರಶ್ನೆಗೆ ಸರದಿ ಸಿಕ್ಕಿದರೆ ಮಂತ್ರಿಗಳು ಎದ್ದುನಿಂತೇ ಹೇಳಬೇಕು. ಭಾಷಣಕ್ಕೆ ಉತ್ತರ ಕೊಡದೆ ತಪ್ಪಿಸಿಕೊಳ್ಳಬಹುದು. ಮನವಿಯನ್ನು ಕಡತದಲ್ಲಿ ಹೂತಿಡಬಹುದು. ಮೆರವಣಿಗೆಯನ್ನು ಕಿಟಕಿಯಿಂದ ನೋಡಿ ಸುಮ್ಮನಿರಬಹುದು. ಪ್ರಶ್ನೆಯೊಂದಕ್ಕೆ ಮಾತ್ರ ಲಿಖಿತವಾದ ಉತ್ತರ ತಯಾರಾಗಿ, ಅದಕ್ಕೆ ಮಂತ್ರಿಗಳ ಹೆಸರು ಅಂಟಿಕೊಂಡು ಸಭೆಯ ದಾಖಲೆಯನ್ನು ಸೇರಬೇಕು. ಒಂದು ಸಲ ಸೇರಿದ ಮೇಲೆ “ನಾನು ಹಾಗೆ ಹೇಳಲಿಲ್ಲ” ಎನ್ನುವಂತಿಲ್ಲ.

ಈ ಪದ್ಧತಿ ನಮ್ಮ ನಾಡಿಗೆ ಅಪರಿಚಿತವಾದುದಲ್ಲ. 1881ನೆಯ ಇಸವಿ ಅಕ್ಟೋಬರ್ 7ರಂದು, ದಸರೆಯ ಕಾಲದಲ್ಲಿ, ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಮೊತ್ತಮೊದಲು ಕೂಡಿಸಿದರು. ಬಂದಿದ್ದವರು 144 ಮಂದಿ. ಕಾನೂನು ಮಾಡುವ ಅಧಿಕಾರ ಅವರಿಗಿರಲಿಲ್ಲ. ಸರಕಾರದ ಖರ್ಚನ್ನು ತಡೆಯುವ ಶಕ್ತಿಯೂ ಇರಲಿಲ್ಲ. ದಿವಾನರು ಕಳೆದ ವರ್ಷದ ಆಡಳಿತದ ವಿವರವನ್ನು ಅವರ ಮುಂದಿಡುವುದು, ಸದಸ್ಯರು ತಮ್ಮ ಸೀಮೆಯ ಕುಂದುಕೊರತೆಗಳನ್ನು ಅರಿಕೆ ಮಾಡಿಕೊಳ್ಳುವುದು, ಇಷ್ಟೇ ಅದರ ಕಾರ್ಯ. ಅರಿಕೆಯೆಂದರೆ ಬೇಡಿಕೆ, ಪ್ರಶ್ನೆಯೆಂದರೆ ಹಕ್ಕು. ಅರಿಕೆಯಿಂದ ಪ್ರಶ್ನೆಗೆ ಬರುವ ದಾರಿ ಚಿಕ್ಕದಾಗಿರಲಿಲ್ಲ. 1891ರಲ್ಲಿ ಆ ಸಭೆಗೆ ಚುನಾವಣೆಯ ಪದ್ಧತಿ ಬಂದಿತು. 1907ರಲ್ಲಿ ನ್ಯಾಯವಿಧಾಯಕ ಸಭೆಯೆಂಬ ಇನ್ನೊಂದು ಸಭೆ ಹುಟ್ಟಿತು. ಕಾಲಕ್ರಮದಲ್ಲಿ ಆಡಳಿತದ ವಿಷಯವಾಗಿ ಪ್ರಶ್ನೆ ಹಾಕುವ ಅಧಿಕಾರವೂ ಸದಸ್ಯರಿಗೆ ದೊರೆಯಿತು.

ಬ್ರಿಟಿಷ್ ಇಂಡಿಯದ ಕಥೆಯೂ ಹೀಗೆಯೇ. 1892ರ ಶಾಸನವು ಸದಸ್ಯರಿಗೆ ಪ್ರಶ್ನೆ ಕೇಳುವ ಹಕ್ಕನ್ನು ಕೊಟ್ಟಿತು. ಆದರೆ ಉತ್ತರ ಬಂದ ಮೇಲೆ ಸದಸ್ಯನು ಬಾಯಿ ಮುಚ್ಚಿ ಕುಳಿತುಕೊಳ್ಳಬೇಕಾಗಿತ್ತು. ಉತ್ತರದಿಂದ ಹುಟ್ಟುವ ಉಪಪ್ರಶ್ನೆಯನ್ನು ಕೇಳಲು ಅನುಮತಿ ಸಿಕ್ಕಿದ್ದು 1909ರ ಸುಧಾರಣೆಯಲ್ಲಿ, ಅದೂ ಮೊದಲು ಕೇಳಿದವನಿಗೆ ಮಾತ್ರ. ಮಿಕ್ಕ ಸದಸ್ಯರಿಗೂ ಆ ಬಾಗಿಲು ತೆರೆದದ್ದು 1919ರ ಸುಧಾರಣೆಯ ಮೇಲೆ. ಒಂದು ಉಪಪ್ರಶ್ನೆಗಾಗಿ ಇಷ್ಟು ವರ್ಷಗಳ ಜಗ್ಗಾಟವೇಕೆಂದು ವಾಚಕರು ಆಶ್ಚರ್ಯಪಡಬಹುದು. ಕಾರಣವಿಷ್ಟೇ: ಮೊದಲನೆಯ ಪ್ರಶ್ನೆಗೆ ಉತ್ತರವನ್ನು ಕಛೇರಿಯ ಗುಮಾಸ್ತರು ಬರೆದುಕೊಡುತ್ತಾರೆ, ಎರಡನೆಯದಕ್ಕೆ ಮಂತ್ರಿಗಳು ತಾವೇ ಬಲ್ಲವರಾಗಿರಬೇಕು.

ಇನ್ನು ಈ ಪ್ರಶ್ನೆಯ ಶರೀರ ಹೇಗಿರುತ್ತದೆಂಬುದನ್ನು ನೋಡೋಣ. ಕರ್ನಾಟಕದ ವಿಧಾನಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆ, ಚುಕ್ಕೆ ಗುರುತಿಲ್ಲದ ಪ್ರಶ್ನೆ ಎಂದು ಎರಡು ಬಗೆ. ಮೊದಲನೆಯದಕ್ಕೆ ಸಭೆಯಲ್ಲಿ ಬಾಯಿಂದ ಉತ್ತರ. ಅದರ ಮೇಲೆ ಉಪಪ್ರಶ್ನೆಗೆ ಅವಕಾಶವುಂಟು. ಎರಡನೆಯದಕ್ಕೆ ಬರೆಹದಲ್ಲಿ ಉತ್ತರ. ಶಾಸಕರು ಸುಮಾರು ಎರಡು ವಾರ ಮುಂಚಿತವಾಗಿ ಸೂಚನೆ ಕೊಡಬೇಕು. ಅಚ್ಚಾಗಿ ಬರುವ ಹಾಳೆಯಲ್ಲಿ ಎರಡು ಅಂಕಣಗಳಿರುತ್ತವೆ; ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಪ್ರಶ್ನೆಯನ್ನು ಅ, ಆ, ಇ, ಈ ಎಂದು ತುಂಡು ಮಾಡಿರುತ್ತಾರೆ. ಚಿಕ್ಕಂದಿನ ಅಕ್ಷರಮಾಲೆ ಹೀಗೆ ದೊಡ್ಡವರ ಉಪಯೋಗಕ್ಕೂ ಬಂದಿದೆ!

ಈ ಹಾಳೆಗಳನ್ನು ತಾಳ್ಮೆಯಿಂದ ಓದುವವರಿಗೆ ಒಂದು ವಿನೋದವಿದೆ. ಪ್ರಶ್ನೆಯ ಮೊದಲ ತುಂಡು ಬಹುಮಟ್ಟಿಗೆ “ಇಂಥ ತೊಂದರೆಯು ಸರಕಾರದ ಗಮನಕ್ಕೆ ಬಂದಿದೆಯೇ?” ಎಂದಿರುತ್ತದೆ. “ಬಂದಿದೆ” ಎಂದು ಉತ್ತರ ಬಂದರೆ ಮುಂದಿನ ತುಂಡಿಗೆ ದಾರಿಯಾಯಿತು: “ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?” ಹಾಗಲ್ಲದೆ “ಬಂದಿರುವುದಿಲ್ಲ” ಎಂಬ ಉತ್ತರ ಬಂದಿತೆನ್ನಿ; ಆಗ ಆ, ಇ, ಈ ಎಲ್ಲಕ್ಕೂ ಸೇರಿಸಿ ಒಂದೇ ಮಾತು: “ಉದ್ಭವಿಸುವುದಿಲ್ಲ”. ಎಷ್ಟು ಗಂಭೀರವಾದ ಶಬ್ದ! ಮನೆಯ ಮುಂದೆ ಚರಂಡಿ ಉಕ್ಕಿ ಹರಿಯುತ್ತಿದ್ದರೂ ಅದು ಗಮನಕ್ಕೆ ಬಾರದಿದ್ದರೆ ಪರಿಹಾರವು ಉದ್ಭವಿಸುವುದಿಲ್ಲ. ಇದರ ಜೊತೆಗೆ “ಪರಿಶೀಲನೆಯಲ್ಲಿದೆ”, “ಅನುದಾನದ ಲಭ್ಯತೆಯನ್ನು ಆಧರಿಸಿ ಕ್ರಮ ವಹಿಸಲಾಗುವುದು”, “ವಿವರವನ್ನು ಅನುಬಂಧದಲ್ಲಿ ಲಗತ್ತಿಸಿದೆ” ಎಂಬ ಮೂರು ವಾಕ್ಯಗಳನ್ನು ಬಲ್ಲವನು ಅರ್ಧ ಆಡಳಿತವನ್ನು ಬಲ್ಲನೆಂದು ಹೇಳಬಹುದು. ಆದರೆ ಈ ಕೊನೆಯ ವಾಕ್ಯವನ್ನು ಹಾಸ್ಯ ಮಾಡಬಾರದು. ಸರಕಾರ ಎಲ್ಲಿ ಎಷ್ಟು ಹಣ ಖರ್ಚು ಮಾಡಿತು, ಕಂಟ್ರಾಕ್ಟು ಯಾರದು, ಕೆಲಸ ಮುಗಿಯಬೇಕಾದ ದಿನ ಯಾವುದು ಎಂಬ ನಿಜಸಂಗತಿ ಸಿಕ್ಕುವುದು ಆ ಅನುಬಂಧದಲ್ಲಿಯೇ.

ಆದಕಾರಣ ಪ್ರಶ್ನೆ ಕೇಳುವ ಚಾತುರ್ಯವೆಲ್ಲ “ಉದ್ಭವಿಸುವುದಿಲ್ಲ” ಎನ್ನುವುದಕ್ಕೆ ಆಸ್ಪದ ಕೊಡದಿರುವುದರಲ್ಲಿದೆ. “ಪಶ್ಚಿಮ ಬೆಂಗಳೂರಿನಲ್ಲಿ ನೀರಿನ ತೊಂದರೆ ಇರುವುದು ಗಮನಕ್ಕೆ ಬಂದಿದೆಯೇ?” ಎಂದು ಕೇಳಿದರೆ, “ಸಮರ್ಪಕವಾಗಿ ಸರಬರಾಜು ಮಾಡಲಾಗುತ್ತಿದೆ” ಎಂದು ಉತ್ತರ ಬರೆಯುವುದಕ್ಕೆ ಕಛೇರಿಯಲ್ಲಿ ಎರಡು ನಿಮಿಷ ಸಾಕು. ಅದನ್ನೇ “ಇಂಥ ಬಡಾವಣೆಯ ಇಂಥ ಅಡ್ಡರಸ್ತೆಯ ಮನೆಗಳಿಗೆ ಏಪ್ರಿಲ್ ತಿಂಗಳಲ್ಲಿ ಎಷ್ಟು ದಿನ, ದಿನಕ್ಕೆ ಎಷ್ಟು ಗಂಟೆ ನೀರು ಬಿಡಲಾಯಿತು?” ಎಂದು ಕೇಳಿ ನೋಡಿ. ಅಂಕಿಯಿಲ್ಲದೆ ಉತ್ತರ ಬರೆಯುವಂತಿಲ್ಲ. ಅಂಕಿ ಬೇಕಾದರೆ ಇಂಜಿನಿಯರು ಸ್ಥಳಕ್ಕೆ ಹೋಗಿ ನೋಡಬೇಕು. ಹೋದವರು ನೋಡಿದ ಮೇಲೆ ಒಡೆದ ಕೊಳವೆಯನ್ನು ಹಾಗೆಯೇ ಬಿಟ್ಟುಬರುವುದು ಕಷ್ಟ. ಎಷ್ಟೋ ಪ್ರಶ್ನೆಗಳು ಉತ್ತರದ ದಿನಕ್ಕೆ ಮೊದಲೇ ಫಲ ಕೊಡುವುದು ಹೀಗೆ.

ಇಷ್ಟು ಚಿಕ್ಕ ಚಿಕ್ಕ ವಿಷಯಗಳು ರಾಜ್ಯದ ಶಾಸನಸಭೆಗೆ ಹೋಗಬೇಕೇ, ಅದಕ್ಕೆ ನಗರಸಭೆಯಿಲ್ಲವೇ ಎಂದು ಯಾರಾದರೂ ಕೇಳುವುದು ಯುಕ್ತವೇ. ಬೀದಿ ದೀಪ, ಚರಂಡಿ, ಕಸ ಇವೆಲ್ಲ ಕಾರ್ಪೊರೇಟರರ ಮನೆ ಬಾಗಿಲಿಗೆ ಸೇರಬೇಕಾದ ದೂರುಗಳು. ಆದರೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅನಂತರ ಐದು ವರ್ಷ ಚುನಾವಣೆಯೇ ನಡೆಯಲಿಲ್ಲ. ಪಾಲಿಕೆ ಅಧಿಕಾರಿಗಳ ಕೈಯಲ್ಲೇ ಉಳಿಯಿತು. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯನ್ನು ಒಡೆದು ಐದು ನಗರಪಾಲಿಕೆಗಳನ್ನು ಮಾಡಿದಾಗ ರಾಜಾಜಿನಗರ, ವಿಜಯನಗರಗಳ ಸೀಮೆ ಪಶ್ಚಿಮ ನಗರಪಾಲಿಕೆಗೆ ಸೇರಿತು. ಈ ಐದು ವರ್ಷಗಳ ಕಾಲ ವಾರ್ಡಿನ ದೂರು ಹೇಳಿಕೊಳ್ಳಲು ವಾರ್ಡಿನಲ್ಲಿ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ಹೀಗಿರುವಲ್ಲಿ ಗುಂಡಿ ಬಿದ್ದ ಅಡ್ಡರಸ್ತೆಯು ಶಾಸಕರ ಹೆಗಲನ್ನೇರಿ ವಿಧಾನಸೌಧಕ್ಕೆ ಹೋದದ್ದರಲ್ಲಿ ವಿಚಿತ್ರವೇನಿದೆ? ಶಾಸಕರು ಶಾಸನ ಮಾಡುವುದನ್ನು ಬಿಟ್ಟು ಚರಂಡಿಯ ಮಾತನಾಡುತ್ತಾರೆಂದು ಹಳಿಯುವ ವಿದ್ವಾಂಸರು ಈ ಸಂಗತಿಯನ್ನು ಸ್ವಲ್ಪ ಯೋಚಿಸಬೇಕು.

ಪಶ್ಚಿಮ ಭಾಗದ ಶಾಸಕರ ಪೈಕಿ ಒಬ್ಬರ ವಿಷಯವನ್ನು ಇಲ್ಲಿ ಎತ್ತಬಹುದು, ಏಕೆಂದರೆ ಅವರು ಪ್ರಶ್ನೆಯ ಎರಡು ದಡಗಳಲ್ಲೂ ನಿಂತು ನೋಡಿದವರು. ರಾಜಾಜಿನಗರದ ಎಸ್. ಸುರೇಶ್ ಕುಮಾರ್ ಅವರು ಮೊದಲು ನಗರಪಾಲಿಕೆಯ ಸದಸ್ಯರಾಗಿದ್ದು, 1994ರಲ್ಲಿ ವಿಧಾನಸಭೆಯನ್ನು ಪ್ರವೇಶಿಸಿದರು. 1999ರಲ್ಲಿ ಮತ್ತೆ ಗೆದ್ದು, 2004ರಲ್ಲಿ ಸೋತು, 2008ರಿಂದ 2023ರವರೆಗಿನ ನಾಲ್ಕು ಚುನಾವಣೆಗಳಲ್ಲಿಯೂ ಆ ಕ್ಷೇತ್ರದಿಂದಲೇ ಆರಿಸಿಬಂದರು. 2008ರ ಸರಕಾರದಲ್ಲಿ ಕಾನೂನು ಮತ್ತು ನಗರಾಭಿವೃದ್ಧಿ ಖಾತೆಗಳನ್ನು ನೋಡಿಕೊಂಡರು. 2019ರಿಂದ 2021ರವರೆಗೆ ಪ್ರಾಥಮಿಕ ಮತ್ತು ಪ್ರೌಢಶಿಕ್ಷಣದ ಮಂತ್ರಿಗಳಾಗಿದ್ದರು. 2020ರ ಜೂನ್ ತಿಂಗಳಲ್ಲಿ, ಕೊರೋನಾ ಜಾಡ್ಯದ ನಡುವೆ, ಎಂಟು ಲಕ್ಷಕ್ಕೂ ಮಿಕ್ಕ ಮಕ್ಕಳಿಗೆ ಎಸ್.ಎಸ್.ಎಲ್.ಸಿ. ಪರೀಕ್ಷೆ ನಡೆಸಬೇಕೇ ಬೇಡವೇ ಎಂದು ನಾಡಿನ ತಾಯಿತಂದೆಗಳೆಲ್ಲ ಕೇಳಿದ ಪ್ರಶ್ನೆಗೆ ಉತ್ತರ ಹೇಳಬೇಕಾದ ಆಸನದಲ್ಲಿ ಅವರು ಕುಳಿತಿದ್ದರು. ಪರೀಕ್ಷೆಯನ್ನು ನಡೆಸಿಯೇ ತೀರಿದರು. 2023ರ ಚುನಾವಣೆಯ ತರುವಾಯ ಅವರ ಪಕ್ಷವು ಎದುರಿನ ಸಾಲಿಗೆ ಹೋಯಿತು. ಉತ್ತರ ಬರೆಯಿಸಿದ ಅನುಭವವಿದ್ದವರು ಪ್ರಶ್ನೆ ಕೇಳಲು ನಿಂತರೆ ಅದರ ಹದವೇ ಬೇರೆ. ಯಾವ ವಾಕ್ಯದ ಹಿಂದೆ ಯಾವ ಕಡತ ಅಡಗಿದೆಯೆಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಕ್ಷಾಭಿಮಾನದ ಮಾತನ್ನು ನಾವಿಲ್ಲಿ ಆಡುತ್ತಿಲ್ಲ. ಇಂದು ಉತ್ತರ ಹೇಳುವವರು ನಾಳೆ ಕೇಳುವವರಾಗಬಹುದೆಂಬ ಭಯವು ಎಲ್ಲ ಪಕ್ಷದ ಮಂತ್ರಿಗಳಿಗೂ ಇದ್ದರೆ ಒಳ್ಳೆಯದೆಂದಷ್ಟೇ ನಮ್ಮ ಅಭಿಪ್ರಾಯ.

ಅವರು ಕಾನೂನು ಮಂತ್ರಿಗಳಾಗಿದ್ದ ಕಾಲದಲ್ಲಿ ಬಂದ “ಸಕಾಲ” ಎಂಬ ಏರ್ಪಾಡು ಈ ಪ್ರಸ್ತಾಪಕ್ಕೆ ಹೊಂದಿಕೊಳ್ಳುತ್ತದೆ. 2011ರ ಶಾಸನದಂತೆ 2012ರ ಏಪ್ರಿಲಿನಲ್ಲಿ ಅದು ಆಚರಣೆಗೆ ಬಂತು. ಜನನಪತ್ರ, ಆದಾಯಪತ್ರ, ಖಾತೆ ಬದಲಾವಣೆ ಮೊದಲಾದ ಕೆಲಸಗಳಿಗೆ ಇಷ್ಟು ದಿನವೆಂದು ವಾಯಿದೆ ಗೊತ್ತುಪಡಿಸಿ, ವಾಯಿದೆ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿಗೆ ಮೀರದ ಹಾಗೆ, ಪ್ರಜೆಗೆ ಪರಿಹಾರ ಕೊಡಬೇಕೆಂದು ಅದರಲ್ಲಿ ವಿಧಿಸಿದೆ. ಮೊತ್ತ ಅಲ್ಪವೆಂದು ನಗುವುದು ಬೇಡ. “ಯಾವಾಗ?” ಎಂದು ಪ್ರಜೆಯೇ ನೇರವಾಗಿ ಕೇಳುವ ಪ್ರಶ್ನೆಗೆ ಇದರಲ್ಲಿ ಬೆಲೆ ಕಟ್ಟಿದೆಯಲ್ಲ, ಅದೇ ದೊಡ್ಡದು.

ಪ್ರಶ್ನೆ ಎಷ್ಟೇ ಚೆನ್ನಾಗಿದ್ದರೂ ತಪ್ಪು ಬಾಗಿಲನ್ನು ತಟ್ಟಿದರೆ ಪ್ರಯೋಜನವಿಲ್ಲ. ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯನ್ನು ನಡೆಸುವುದು ಕೇಂದ್ರದ ಕಾರ್ಮಿಕ ಮಂತ್ರಿಗಳ ಕೈಕೆಳಗಿನ ನಿಗಮ. ಅಲ್ಲಿನ ವಿಷಯವನ್ನು ವಿಧಾನಸೌಧದಲ್ಲಿ ಕೇಳಿದರೆ ರಾಜ್ಯದ ಮಂತ್ರಿಗಳು ತಮಗೆ ಸಂಬಂಧಿಸಿದ್ದಲ್ಲವೆಂದು ಕೈತೊಳೆದುಕೊಳ್ಳಬಹುದು. ಅದನ್ನು ದೆಹಲಿಯಲ್ಲಿ, ಲೋಕಸಭಾ ಸದಸ್ಯರ ಮೂಲಕ ಕೇಳಬೇಕು. ಅಲ್ಲಿಯೂ ಒಂದು ತೊಡಕಿದೆ. ಪಶ್ಚಿಮ ಬೆಂಗಳೂರು ಕಣ್ಣಿಗೆ ಒಂದೇ ಊರಿನಂತೆ ಕಂಡರೂ 2008ರ ಕ್ಷೇತ್ರವಿಂಗಡಣೆಯಲ್ಲಿ ರಾಜಾಜಿನಗರವು ಬೆಂಗಳೂರು ಕೇಂದ್ರ ಲೋಕಸಭಾ ಕ್ಷೇತ್ರಕ್ಕೂ, ವಿಜಯನಗರ ಗೋವಿಂದರಾಜನಗರಗಳು ದಕ್ಷಿಣಕ್ಕೂ, ಕೆಂಗೇರಿಯನ್ನೊಳಗೊಂಡ ಯಶವಂತಪುರವು ಉತ್ತರಕ್ಕೂ ಸೇರಿದವು. ಬಸವೇಶ್ವರನಗರದ ಒಂದು ಬೀದಿಯವರೂ ಪಕ್ಕದ ಬೀದಿಯವರೂ ಬೇರೆ ಬೇರೆ ಪ್ರತಿನಿಧಿಗಳನ್ನು ಹುಡುಕಿಕೊಂಡು ಹೋಗಬೇಕಾಗುವುದುಂಟು. ಬಿನ್ನಿಪೇಟೆಯೆಂಬ ಹಳೆಯ ವಿಧಾನಸಭಾ ಕ್ಷೇತ್ರ ಇನ್ನೂ ಇದೆಯೆಂದು ನಂಬಿರುವ ವೃದ್ಧರನ್ನು ನಾವು ಬಲ್ಲೆವು. ಅದು ಅದೇ ವಿಂಗಡಣೆಯಲ್ಲಿ ಮಾಯವಾಯಿತು.

ಬಾಗಿಲು ಯಾವುದೆಂಬ ಗೊಂದಲಕ್ಕೆ ಮೆಟ್ರೋ ರೈಲಿನ ದರವು ಒಳ್ಳೆಯ ನಿದರ್ಶನ. 2014ರ ಮಾರ್ಚಿನಲ್ಲಿ ರಾಜಾಜಿನಗರಕ್ಕೂ, 2015ರ ನವೆಂಬರಿನಲ್ಲಿ ವಿಜಯನಗರಕ್ಕೂ, 2021ರ ಆಗಸ್ಟಿನಲ್ಲಿ ಕೆಂಗೇರಿಗೂ ಮೆಟ್ರೋ ಬಂದು ಜನರಿಗೆ ಬಹಳ ಅನುಕೂಲವಾಯಿತು. 2025ರ ಫೆಬ್ರವರಿ 9ರಂದು ದರ ಏರಿತು. 60 ರೂಪಾಯಿಯಿದ್ದ ಗರಿಷ್ಠ ದರ 90 ಆಯಿತು. ಕೆಲವು ದೂರಗಳಿಗೆ ಇಮ್ಮಡಿಯೇ ಆಗಿ, ಜನರ ಕೂಗಿನ ಮೇಲೆ ಕೆಲವೇ ದಿನಗಳಲ್ಲಿ ಅದನ್ನು ಸ್ವಲ್ಪ ಇಳಿಸಬೇಕಾಯಿತು. ಏರಿಸಿದವರು ಯಾರು? ರಾಜ್ಯದವರು ಕೇಂದ್ರದತ್ತ ಬೆರಳು ತೋರಿದರು. ಕೇಂದ್ರದ ಪಕ್ಷದವರು ರಾಜ್ಯದತ್ತ ತೋರಿದರು. ನಿಜಸ್ಥಿತಿಯೆಂದರೆ ಮೆಟ್ರೋ ಕಂಪೆನಿಯಲ್ಲಿ ಎರಡು ಸರಕಾರಗಳಿಗೂ ಸಮಪಾಲು. ದರವನ್ನು ಗೊತ್ತುಮಾಡಿದ್ದು 2002ರ ಕೇಂದ್ರ ಶಾಸನದ ಪ್ರಕಾರ ನೇಮಕವಾದ ಒಂದು ಸಮಿತಿ. ಇಬ್ಬರು ಯಜಮಾನರಿರುವ ಮನೆಯಲ್ಲಿ ಹಾಲು ಉಕ್ಕಿದರೆ ಒಲೆಯ ಮುಂದೆ ಯಾರೂ ಇರುವುದಿಲ್ಲ. ಇಂಥಲ್ಲಿ “ದರ ಏಕೆ ಏರಿತು?” ಎನ್ನುವುದಕ್ಕಿಂತ “ಸಮಿತಿಯ ಮುಂದೆ ರಾಜ್ಯ ಸರಕಾರವು ತನ್ನ ಅಭಿಪ್ರಾಯವನ್ನು ಬರೆದು ಕೊಟ್ಟಿತೇ? ಕೊಟ್ಟಿದ್ದರೆ ಅದರ ಪ್ರತಿಯನ್ನು ಸಭೆಯ ಮುಂದಿಡುವುದು” ಎಂದು ಕೇಳುವುದು ಲೇಸು.

ನೀರಿನ ಮಾತಿಗೆ ಹಿಂದಿರುಗೋಣ. ಕಾವೇರಿ ನೀರು 1974ರಲ್ಲಿ ಬೆಂಗಳೂರಿಗೆ ಬರುವುದಕ್ಕೆ ಮೊದಲು ಈ ನಗರವು ಹೆಸರಘಟ್ಟದ ಕೆರೆಯನ್ನೂ, 1933ರಲ್ಲಿ ಸಿದ್ಧವಾದ ತಿಪ್ಪಗೊಂಡನಹಳ್ಳಿಯ ಜಲಾಶಯವನ್ನೂ ನಂಬಿಕೊಂಡಿತ್ತು. ಎರಡೂ ಅರ್ಕಾವತಿಯ ನೀರು. 2007ರಲ್ಲಿ ಕೆಂಗೇರಿ ಪುರಸಭೆಯೂ ಸುತ್ತಣ 110 ಹಳ್ಳಿಗಳೂ ನಗರದೊಳಕ್ಕೆ ಸೇರಿದವು. ಆ ಹಳ್ಳಿಗಳಿಗೆಂದು ಯೋಚಿಸಿದ ಕಾವೇರಿಯ ಐದನೆಯ ಹಂತವು, ದಿನಕ್ಕೆ 77.5 ಕೋಟಿ ಲೀಟರು ತರುವ ಯೋಜನೆ, 2024ರ ಅಕ್ಟೋಬರ್ 16ರಂದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಉದ್ಘಾಟನೆಯಾಯಿತು. ನಗರಕ್ಕೆ ಸೇರಿದಂದಿನಿಂದ ಹದಿನೇಳು ವರ್ಷ. ಆ ಹದಿನೇಳು ವರ್ಷ ಬೋರ್‌ವೆಲ್ಲೂ ಟ್ಯಾಂಕರೂ ಅಲ್ಲಿನ ಸಂಸಾರಗಳ ಕೈಹಿಡಿದು ನಡೆಸಿದವು. 2024ರ ಬೇಸಗೆಯಲ್ಲಿ ಬೋರ್‌ವೆಲ್ಲುಗಳು ಬತ್ತಿದಾಗ ಟ್ಯಾಂಕರಿನವರು ಹೇಳಿದ್ದೇ ಬೆಲೆಯಾಗಿ, ಸರಕಾರವೇ ದರ ಕಟ್ಟಬೇಕಾಯಿತು.

ಆ ಉದ್ಘಾಟನೆಯಾದ ಐದೇ ದಿನಕ್ಕೆ, ಅಕ್ಟೋಬರ್ 21ರಂದು, ನೀರು ತರಲೆಂದು ಕೆಂಗೇರಿ ಕೆರೆಗೆ ಹೋದ ಅಣ್ಣತಂಗಿ ಇಬ್ಬರು ಮಕ್ಕಳು ಅದರಲ್ಲಿ ಮುಳುಗಿ ಸತ್ತರು. ಅಂದು ಸುರಿದ ಮಳೆಗೆ ಕೆರೆ ತುಂಬಿತ್ತು. ಈ ಎರಡು ಸಂಗತಿಗಳಿಗೆ ಗಂಟು ಹಾಕುವುದು ನ್ಯಾಯವಲ್ಲವೆಂಬುದನ್ನು ನಾವು ಬಲ್ಲೆವು. ಆದರೆ ಆ ವಾರ್ತೆಯನ್ನು ಓದಿದ ದಿನ ಬರೆಯಬಹುದಾಗಿದ್ದ ಪ್ರಶ್ನೆಗಳು ಮನಸ್ಸಿಗೆ ತಾವಾಗಿ ಬಂದವು. ಅ) ಕೆಂಗೇರಿ ಕೆರೆಯ ಸುತ್ತ ಇರುವ ಮನೆಗಳೆಷ್ಟು? ಆ) ಅವುಗಳಲ್ಲಿ ನಲ್ಲಿಯ ಸಂಪರ್ಕವಿರುವವು ಎಷ್ಟು, ಇಲ್ಲದವು ಎಷ್ಟು? ಇ) ಇಲ್ಲದ ಮನೆಗಳವರು ನೀರನ್ನು ಎಲ್ಲಿಂದ ತರುತ್ತಾರೆ? ಈ) ಕೆರೆಯ ಯಾವ ಭಾಗಕ್ಕೆ ಬೇಲಿ ಇಲ್ಲ, ಅದನ್ನು ಹಾಕಬೇಕಾದ ಅಧಿಕಾರಿ ಯಾರು, ಯಾವ ದಿನದೊಳಗೆ? ಇವುಗಳಲ್ಲಿ ಒಂದಕ್ಕೂ “ಉದ್ಭವಿಸುವುದಿಲ್ಲ” ಎಂದು ಬರೆಯಲಾಗುವುದಿಲ್ಲ. ಇವೇ ಪ್ರಶ್ನೆಗಳನ್ನು ಆ ಅಕ್ಟೋಬರಿಗೆ ಒಂದು ವರ್ಷ ಮೊದಲು ಕೇಳಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಮಾತ್ರ ನಿದ್ದೆಗೆಡಿಸುತ್ತದೆ.

ಚಿಕ್ಕ ಪ್ರಶ್ನೆಯೊಂದು ದೊಡ್ಡ ಮರವನ್ನು ಉರುಳಿಸಿದ ಕಥೆಯೂ ಉಂಟು. 1957ರಲ್ಲಿ ಜೀವವಿಮಾ ನಿಗಮದ ಹಣವನ್ನು ಒಬ್ಬ ವ್ಯಾಪಾರಿಯ ಕಂಪೆನಿಗಳ ಷೇರುಗಳಲ್ಲಿ ತೊಡಗಿಸಿದ್ದರ ಮೇಲೆ ಲೋಕಸಭೆಯಲ್ಲಿ ಪ್ರಶ್ನೆ ಎದ್ದಿತು. ಬಂದ ಉತ್ತರ ನುಣುಚಿಕೊಳ್ಳುವಂತಿತ್ತು. ಆಳುವ ಪಕ್ಷಕ್ಕೇ ಸೇರಿದ್ದ ಫಿರೋಜ್ ಗಾಂಧಿಯವರು ಬಿಡದೆ ಹಿಡಿದರು. ಛಾಗ್ಲಾ ಅವರ ವಿಚಾರಣೆ ನಡೆದು, 1958ರ ಫೆಬ್ರವರಿಯಲ್ಲಿ ಅರ್ಥಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರು ರಾಜೀನಾಮೆ ಕೊಡಬೇಕಾಯಿತು.

ಮಂತ್ರಿಗಳು ಸಭೆಯಲ್ಲಿ “ಮಾಡಿಸುತ್ತೇನೆ” ಎಂದು ಮಾತು ಕೊಟ್ಟರೆ ಅದು ಗಾಳಿಗೆ ಹೋಗುವುದಿಲ್ಲ. ಅಂಥ ಮಾತುಗಳನ್ನು ಗುರುತುಹಾಕಿಕೊಂಡು, ನಡೆಯಿತೇ ಇಲ್ಲವೇ ಎಂದು ವಿಚಾರಿಸುವುದಕ್ಕಾಗಿಯೇ ಸರಕಾರಿ ಭರವಸೆಗಳ ಸಮಿತಿಯೆಂದು ಒಂದಿದೆ. ಲೋಕಸಭೆಯಲ್ಲಿ ಅದು 1953ರಲ್ಲಿ ಹುಟ್ಟಿತು. ನಮ್ಮ ವಿಧಾನಮಂಡಲದಲ್ಲಿಯೂ ಉಂಟು. ಮದುವೆಯ ಮನೆಯಲ್ಲಿ ಕೊಟ್ಟ ಮಾತನ್ನು ಬೀಗರು ನೆನಪಿಡುವಂತೆ ಅದು ನೆನಪಿಡಬೇಕು. ಆದರೆ ಪ್ರಶ್ನೆಗೆ ಮೀಸಲಾದ ಗಂಟೆಯೇ ಗದ್ದಲದಲ್ಲಿ ಕರಗಿಹೋದರೆ ಮಾತು ಕೊಡುವುದಾದರೂ ಎಲ್ಲಿ, ಪಡೆಯುವುದಾದರೂ ಎಲ್ಲಿ? ವರ್ಷಕ್ಕೆ 60 ದಿನವಾದರೂ ಸಭೆ ಸೇರಬೇಕೆಂದು ಕರ್ನಾಟಕದಲ್ಲಿ 2005ರಲ್ಲಿ ಶಾಸನವನ್ನೇ ಮಾಡಿಕೊಂಡರು. ಅಷ್ಟು ದಿನ ಸೇರಿದ ವರ್ಷಗಳು ವಿರಳ. ಸೇರಿದ ದಿನಗಳಲ್ಲಿಯೂ ಎಲ್ಲ ಪಕ್ಷದವರೂ ಸರದಿಯ ಮೇಲೆ ಸಭಾಧ್ಯಕ್ಷರ ಪೀಠದ ಮುಂದಣ ಅಂಗಳಕ್ಕೆ ಇಳಿದು ಕೂಗುವುದನ್ನು ಕಂಡಾಗ, ಆ ಬೆಳಗ್ಗೆ ಉತ್ತರಕ್ಕಾಗಿ ಕಾದಿದ್ದ ಅಡ್ಡರಸ್ತೆಗಳ ನೆನಪಾಗಿ ವ್ಯಸನವಾಗುತ್ತದೆ.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ಗೃಹಿಣಿಯಿದ್ದಾರೆ. ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಆಕೆ ನೀರಿನ ಲೆಕ್ಕವನ್ನೂ ಇಟ್ಟಿರುವುದು ಈಚೆಗೆ ನಮಗೆ ತಿಳಿಯಿತು. ಯಾವ ದಿನ ಬಂತು, ಎಷ್ಟು ಹೊತ್ತಿಗೆ ಬಂತು, ಎಷ್ಟು ಕೊಡ ಹಿಡಿಯುವಷ್ಟರಲ್ಲಿ ನಿಂತಿತು, ನೀರಿನ ಬಣ್ಣ ಹೇಗಿತ್ತು. ಹದಿನಾಲ್ಕು ತಿಂಗಳ ಲೆಕ್ಕ, ಪೆನ್ಸಿಲಿನಲ್ಲಿ. ಬಾರದ ದಿನಕ್ಕೆ ಒಂದು ಸೊನ್ನೆ. ಬೀದಿಯ ಹಿರಿಯರು ನಾಲ್ಕು ಸಲ ಅರ್ಜಿ ಬರೆದುಕೊಂಡು ಹೋಗಿದ್ದರು. ಅದರಲ್ಲಿ “ಬಹಳ ತೊಂದರೆಯಾಗಿದೆ” ಎಂಬುದರ ಹೊರತು ಬೇರೇನೂ ಇರಲಿಲ್ಲ. ಐದನೆಯ ಸಲ ಈ ಪುಸ್ತಕದ ಹಾಳೆಗಳನ್ನು ನಕಲು ಮಾಡಿಸಿ ಶಾಸಕರ ಕಛೇರಿಗೆ ಕೊಟ್ಟುಬಂದರು. ಅಲ್ಲಿನ ಗುಮಾಸ್ತರು ಮೊದಲ ಹಾಳೆಯನ್ನು ಓದಿ, ಎರಡನೆಯದನ್ನು ಓದಿ, ಕುರ್ಚಿ ತೋರಿಸಿ, “ಇದನ್ನು ಬರೆದವರು ಯಾರು? ಅವರಿಂದ ಮಾರ್ಚ್ ತಿಂಗಳದ್ದೂ ಬೇಕು” ಎಂದರಂತೆ.